ಹಿಂದಿನ ರೂಮು ಮೊದಲು

ಮನೆ ರಿಪೇರಿ ಆಗಬೇಕು ಎನ್ನುವುದರಲ್ಲಿ ನಮ್ಮ ಮನೆಯ ನಾಲ್ಕೂ ಜನಕ್ಕೆ ಒಮ್ಮತವಿತ್ತು. ಯಾವ ರೂಮು ಮೊದಲು ಎಂಬ ಪ್ರಶ್ನೆ ಬಂದದ್ದೇ ತಡ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನನ್ನ ಗಂಡನಿಗೆ ಹಾಲ್ ಆಗಬೇಕು. ಅವರು ಬಸ್ಸಿನ ಡ್ರೈವರು, ದಿನವಿಡೀ ಕೂತು ದುಡಿದು, ಮನೆಗೆ ಬಂದು ಮತ್ತೆ ಹಾಲಿನಲ್ಲಿ ಕೂರುವ ಮನುಷ್ಯ. ಅತ್ತೆಗೆ ಬಚ್ಚಲುಮನೆ. ಅಲ್ಲಿ ಒಮ್ಮೆ ಜಾರಿ ಬಿದ್ದಮೇಲೆ ಆ ನೆಲದ ಮೇಲೆ ಅವರಿಗೆ ಹಗೆ ಹುಟ್ಟಿದೆ. ನನಗೆ ಅಡುಗೆಮನೆ. ಸಿಂಕಿನ ಕೆಳಗೆ ಸೋರುವ ನೀರಿಗೆ ಬಕೆಟ್ ಇಟ್ಟು ಇಟ್ಟು ಸಾಕುಸಾಕಾಗಿದೆ. ಕನ್ನಡಕದ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಗಾಜು ಉಜ್ಜಿ, ಮನೆಗೆ ಬಂದು ನೆಲ ಒರೆಸಬೇಕೆಂದರೆ ಯಾರಿಗಾದರೂ ಪಿತ್ತ ನೆತ್ತಿಗೇರುತ್ತದೆ.

ನಾಲ್ಕನೆಯವಳು ನನ್ನ ನಾದಿನಿ, ಗಂಡನ ತಂಗಿ. ಅವಳನ್ನು ಕೇಳಿದರೆ, "ನಂದೇನಿದೆ ಅತ್ತಿಗೆ, ನಿಮ್ಮಿಷ್ಟ" ಎಂದಳು. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಕೆಟ್ಟಿದ್ದದ್ದು ಅವಳ ರೂಮೇ. ಹಿಂದಿನ ಆ ಸಣ್ಣ ರೂಮಿಗೂ ಬಚ್ಚಲಿಗೂ ನಡುವೆ ಒಂದೇ ಗೋಡೆ. ತೇವ ಹೀರಿ ಹೀರಿ ಗಾರೆ ಉಬ್ಬಿ, ಚಕ್ಕೆ ಎದ್ದು, ಹಾಸಿಗೆಯ ಮೇಲೆ ಉದುರುತ್ತಿತ್ತು. ಬೆಳಿಗ್ಗೆ ಎದ್ದರೆ ಅವಳ ತಲೆತುಂಬ ಸುಣ್ಣದ ಪುಡಿ. "ಬೇಕರೀಲಿ ಮೈದಾ, ಮನೇಲಿ ಸುಣ್ಣ. ನನಗೆ ನರೆ ಬಂದ್ರೂ ಯಾರಿಗೂ ಗೊತ್ತಾಗಲ್ಲ ಬಿಡಿ" ಎಂದು ನಗುತ್ತಿದ್ದಳು. ಅವಳು ಮೂಲೆಯ ಬೇಕರಿಯಲ್ಲಿ ಕೇಕಿನ ಮೇಲೆ ಹೂವು ಬಿಡಿಸುವ ಕೆಲಸ ಮಾಡುತ್ತಾಳೆ.

ಅವಳು ಗಂಡನನ್ನು ಬಿಟ್ಟು, ಒಂದು ಸೂಟ್‌ಕೇಸ್ ಹಿಡಿದು ನಮ್ಮ ಮನೆಗೆ ಬಂದ ದಿನವೇ ಅತ್ತೆ ನನ್ನನ್ನೂ ತಮ್ಮ ಮಗನನ್ನೂ ಅಡುಗೆಮನೆಗೆ ಎಳೆದುಕೊಂಡು ಹೋಗಿ ತಾಕೀತು ಮಾಡಿದ್ದರು. "ಎಷ್ಟು ದಿನ ಇರ್ತೀಯ, ಯಾವಾಗ ಹೋಗ್ತೀಯ ಅಂತ ಒಬ್ಬರೂ ಅವಳನ್ನ ಕೇಳಕೂಡದು. ಇರೋದು ಹೋಗೋದರ ಮಾತೇ ಈ ಮನೇಲಿ ಬರಬಾರದು. ತಿಳೀತಾ?" ನನಗೆ ಅತ್ತೆಯ ಮೇಲೆ ಅವತ್ತು ಎಷ್ಟು ಗೌರವ ಬಂದಿತ್ತೆಂದರೆ, ಮುಂದೆ ಒಂದು ವಾರ ಅವರು ಏನು ಬೈದರೂ ತಿರುಗಿ ಬೈಯಲಿಲ್ಲ. ಆ ಮಾತನ್ನು ನಾವು ಇಷ್ಟು ವರ್ಷವೂ ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದೆವು.

ಈಗ ಬೇಕರಿಯ ಓನರು ಬೇರೆ ಊರಿನಲ್ಲಿ ಇನ್ನೊಂದು ಅಂಗಡಿ ತೆರೆಯಲು ಹೊರಟಿದ್ದರು. ಅದನ್ನು ನೀನೇ ನೋಡಿಕೋ, ಮೇಲೆ ಒಂದು ಕೋಣೆಯಿದೆ, ಅಲ್ಲೇ ಇದ್ದುಬಿಡು, ಈ ವಾರದೊಳಗೆ ಏನೆಂದು ಹೇಳು ಎಂದಿದ್ದರಂತೆ. ಊಟದ ಹೊತ್ತಿನಲ್ಲಿ ಉಪ್ಪು ಕೇಳುವಷ್ಟೇ ಸಲೀಸಾಗಿ ನಾದಿನಿ ಈ ಸುದ್ದಿ ಹೇಳಿ, ನಮ್ಮ ಮೂವರ ಮುಖವನ್ನೂ ಒಂದು ಸುತ್ತು ನೋಡಿದಳು. ನಾವು ನಮ್ಮ ನಮ್ಮ ತಟ್ಟೆ ನೋಡಿಕೊಂಡೆವು. "ಒಳ್ಳೇದು" ಎಂದರು ನನ್ನ ಗಂಡ. ಅದಕ್ಕಿಂತ ಹೆಚ್ಚು ಬಾಯಿಬಿಟ್ಟರೆ ಇರೋದು ಹೋಗೋದರ ಮಾತು ಬರುತ್ತದಲ್ಲ!

ನನಗೆ ಅವಳು ಹೋಗುವುದು ಬೇಡವಾಗಿತ್ತು. ಸುತರಾಂ ಬೇಡವಾಗಿತ್ತು. ನನ್ನ ಸಿಟ್ಟು ನೋಡಿ ಗಂಡ ಹೆದರುತ್ತಾರೆ, ಅತ್ತೆ ಸಮಕ್ಕೆ ಸಮ ನಿಲ್ಲುತ್ತಾರೆ. ನಗುವವಳು ಅವಳೊಬ್ಬಳೇ. ನಾನು ಪಾತ್ರೆ ಕುಕ್ಕಿದರೆ, "ಅತ್ತಿಗೆ, ಆ ಪಾತ್ರೆ ಏನ್ ಪಾಪ ಮಾಡಿತ್ತು?" ಎಂದು ಬಂದು ಪಕ್ಕದಲ್ಲಿ ನಿಂತು ತೊಳೆಯುತ್ತಾಳೆ. ಅವಳಿಲ್ಲದ ಈ ಮನೆಯಲ್ಲಿ ನಾನು ಯಾರ ಹತ್ತಿರ ಮಾತಾಡಲಿ, ಗಂಡನ ಬಸ್ಸಿನ ಗೇರಿನ ಹತ್ತಿರವೇ?

ಅಷ್ಟರಲ್ಲಿ ಮೇಸ್ತ್ರಿ ಬಂದರು. ಮನೆಯೆಲ್ಲ ಸುತ್ತಿ, ಬೆರಳಿನ ಗೆಣ್ಣಿನಿಂದ ಗೋಡೆ ಗೋಡೆ ತಟ್ಟಿ ನೋಡಿ ಹೇಳಿದರು: "ಅಕ್ಕಾ, ನನ್ನ ದೊಡ್ಡ ಕಟ್ಟಡದ ಕೆಲಸ ಶುರುವಾಗೋದರೊಳಗೆ ಆದರೆ ಒಂದೇ ರೂಮು. ಉಳಿದದ್ದು ಮುಂದಿನ ವರ್ಷವೇ. ಯಾವುದು ಅಂತ ಹೇಳಿಬಿಡಿ."

ನನ್ನ ತಲೆ ಮೊಸರು ಗಡಿಗೆಯಾಯಿತು. ಅಡುಗೆಮನೆಯನ್ನೋ ಹಾಲನ್ನೋ ಮೊದಲು ಎತ್ತಿಕೊಂಡರೆ, ಇವರ ಪಾಲಿಗೆ ನಾನು ಲೆಕ್ಕಕ್ಕೇ ಇಲ್ಲ, ಹೇಗೂ ಹೋಗುವವಳು ಎಂದುಕೊಂಡರು ಎಂದು ಅವಳಿಗನ್ನಿಸುತ್ತದೆ. ಅವಳ ರೂಮನ್ನೇ ಎತ್ತಿಕೊಂಡರೆ, ನನ್ನ ಸಾಮಾನು ಹೊರಗೆ ಹಾಕಿಸುವುದಕ್ಕೆ ಒಂದು ನೆಪ ಹುಡುಕಿದರು ಎಂದು ಅನ್ನಿಸಬಹುದು. ಬಚ್ಚಲು ಎಂದರೆ ಗೋಡೆ ಅವಳದೂ ಹೌದು. ಹಾಗಾದರೆ ಅರ್ಧ ಅವಳ ರೂಮು ಎಂದಾಗುತ್ತದೋ ಇಲ್ಲವೋ? ಅತ್ತ ದರಿ, ಇತ್ತ ಪುಲಿ, ನಡುವೆ ಬಚ್ಚಲುಮನೆ.

ಮಾರನೆಯ ದಿನ ಅಂಗಡಿಯಲ್ಲೂ ಅದೇ ಧ್ಯಾನ. ಗಾಜನ್ನು ಫ್ರೇಮಿಗೆ ಕೂರಿಸುವಾಗ ಹಾಲೋ, ಬಚ್ಚಲೋ, ಹಿಂದಿನ ರೂಮೋ ಎಂದುಕೊಳ್ಳುತ್ತ, ಎಡಗಣ್ಣಿನ ಗಾಜನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿಕೊಟ್ಟೆ. ಗಿರಾಕಿ ಕನ್ನಡಕ ಏರಿಸಿ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಾಗೇ ನಿಂತರು. "ಏನಮ್ಮಾ, ನೆಲ ಎಲ್ಲಿದೆ?" ಎಂದು ಕೇಳಿದರು. ಅವರ ಕೈಹಿಡಿದು ಒಳಗೆ ಕರೆತಂದು ಕ್ಷಮೆ ಕೇಳುವಷ್ಟರಲ್ಲಿ ನಾನು ತೀರ್ಮಾನಿಸಿಬಿಟ್ಟಿದ್ದೆ. ಇನ್ನು ತಡಮಾಡಿದರೆ ಊರಿನ ಜನರ ಕೈಕಾಲು ಮುರಿಯುತ್ತದೆ.

ನಾದಿನಿ ಇನ್ನೂ ಬೇಕರಿಯಲ್ಲಿದ್ದಾಗ ನಾವು ಮೂವರೂ ಹಾಲಿನಲ್ಲಿ ಕೂತೆವು. ನಾನೇ ಶುರುಮಾಡಿದೆ.

"ಹಿಂದಿನ ರೂಮು ಮೊದಲು ಮಾಡ್ಸೋಣ. ಹೊಸ ಗಾರೆ, ಹೊಸ ಬಣ್ಣ. ಹಾಗೆ ಮಾಡಿದ್ರೆ, ಇಲ್ಲೇ ಇರು ಅಂತ ಹೇಳಿದ ಹಾಗೇ ಅಲ್ವಾ?"

"ಮತ್ತೆ ಅದನ್ನ ಬಾಯಲ್ಲೇ ಹೇಳಬಹುದಲ್ಲ?" ಎಂದರು ನನ್ನ ಗಂಡ.

"ಸುಮ್ನಿರೋ!" ಅತ್ತೆ ಗದರಿದರು. "ಇರು ಅಂದ್ರೆ ಅವಳ ಕೆಲಸಕ್ಕೆ ಅಡ್ಡ ಬಂದ ಹಾಗೆ. ಹೋಗು ಅಂದ್ರೆ ನಾವೇ ಹೊರಗೆ ಹಾಕಿದ ಹಾಗೆ. ಸೊಸೆ ಹೇಳಿದ್ದೇ ಸರಿ. ನನ್ನ ಬಚ್ಚಲು ಹಾಳಾಗಿ ಹೋಗ್ಲಿ, ಗೋಡೆ ಹಿಡ್ಕೊಂಡು ಸ್ನಾನ ಮಾಡ್ತೀನಿ. ಅವಳಿಗೆ ಮಾತ್ರ ಏನೂ ಹೇಳ್ಬೇಡಿ. ಕೆಲಸದಿಂದ ಬಂದು ನೋಡ್ಲಿ, ಖುಷಿಪಡ್ಲಿ."

ಅತ್ತೆ ನನ್ನ ಮಾತನ್ನು ಸರಿ ಎಂದದ್ದು ಅದೇ ಮೊದಲು. ಆ ಹೆಮ್ಮೆಯಲ್ಲಿ ನನಗೆ ಬೇರೇನೂ ಹೊಳೆಯಲಿಲ್ಲ.

ಎರಡು ದಿನ ಬಿಟ್ಟು, ಅವಳು ಬೇಕರಿಗೆ ಹೊರಟ ಬೆನ್ನಿಗೇ ನಾವು ಕೆಲಸಕ್ಕಿಳಿದೆವು. ಮೂವರೂ ಸೇರಿ ಅವಳ ಮಂಚ, ಹಾಸಿಗೆ, ಬಟ್ಟೆಯ ಗಂಟು ಎಲ್ಲವನ್ನೂ ಹಾಲಿಗೆ ಸಾಗಿಸಿದೆವು. ಸೂಟ್‌ಕೇಸನ್ನು ನನ್ನ ಗಂಡ ಮುಂಬಾಗಿಲ ಪಕ್ಕಕ್ಕೇ ಇಟ್ಟರು. ಲಗೇಜು ಬಾಗಿಲ ಹತ್ತಿರವೇ ಇರಬೇಕು ಎನ್ನುವುದು ಅವರ ಬಸ್ಸಿನ ಅಭ್ಯಾಸ. ಮೇಸ್ತ್ರಿ ಗೋಡೆಗೆ ಮೊದಲ ಪೆಟ್ಟು ಹಾಕಿದ್ದೇ, ಅಂಗೈಯಗಲದ ಗಾರೆ ದಬದಬ ಬಿತ್ತು. ಅರ್ಧ ಗೋಡೆ ಕೆತ್ತಿಯಾದ ಮೇಲೆ ಅವರು ಟೀ ಕುಡಿದು ಬರುತ್ತೇನೆಂದು ಹೋದರು. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುಡಿಸುತ್ತ, ಅವಳು ಬಂದಾಗ ಮುಖ ಹೇಗಾಗುತ್ತದೋ ಎಂದು ನೆನೆಸಿಕೊಂಡು ಒಬ್ಬಳೇ ನಗುತ್ತಿದ್ದೆ.

ಅವಳು ಬಂದದ್ದು ಮಧ್ಯಾಹ್ನಕ್ಕೇ. ಕೈಯಲ್ಲಿ ಕೇಕಿನ ಕ್ರೀಮು ಇನ್ನೂ ಅಂಟಿಕೊಂಡಿತ್ತು. ಬಾಗಿಲಲ್ಲಿ ನಿಂತವಳು ಮೊದಲು ಸೂಟ್‌ಕೇಸ್ ನೋಡಿದಳು, ಆಮೇಲೆ ಮಂಚ ನೋಡಿದಳು.

"ಪ್ಯಾಕಿಂಗ್ ಕೂಡ ನೀವೇ ಮಾಡಿಬಿಟ್ಟಿದ್ದೀರಲ್ಲ" ಎಂದಳು. "ಇಷ್ಟು ತೊಂದ್ರೆ ಯಾಕೆ ತಗೊಂಡ್ರಿ ಅತ್ತಿಗೆ? ನಾನೂ ಓನರಿಗೆ ಹೂಂ ಅಂದೇ ಬಂದೆ."

"ಏನಂದೆ?"

"ಬರ್ತೀನಿ ಅಂದೆ. ಮೇಸ್ತ್ರಿ ಬೇಕರಿಗೆ ಟೀಗೆ ಬಂದಿದ್ರು. ಹಿಂದಿನ ರೂಮು ಖಾಲಿ ಮಾಡಿಸಿದ್ರಲ್ಲ, ಎಲ್ಲಿಗೆ ಹೊರಟ್ರಿ ಅಂದ್ರು. ನೇರ ಹೋಗಿ ಹೇಳ್ಬಿಟ್ಟೆ."

ಹಿಂದಿನಿಂದ ಮೇಸ್ತ್ರಿ ಮೆಲ್ಲಗೆ, "ನಾನು ಏನೋ ಮಾತಿಗೆ ಕೇಳ್ದೆ ಅಕ್ಕಾ" ಎಂದರು.

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆವು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಮೇಲೋ, ನನ್ನ ಮೇಲೋ, ಆ ಸೂಟ್‌ಕೇಸಿನ ಮೇಲೋ ಗೊತ್ತಿಲ್ಲ, ಕೈಲಿದ್ದ ಪೊರಕೆ ಎಸೆದೆ. "ನಿನ್ನ ತಲೆ! ಇರು ಅಂತ ಹೇಳೋಕೆ ಕಣೇ ಇದೆಲ್ಲ! ನನ್ನ ಅಡುಗೆಮನೆ ಬಿಟ್ಟು, ಅತ್ತೆ ಬಚ್ಚಲು ಬಿಟ್ಟು, ನಿನ್ನ ರೂಮು ಹೊಸದು ಮಾಡಿಸ್ತಿದ್ದೀವಿ!"

ಅವಳು ನಗಲಿಲ್ಲ. "ಹಾಗಾದ್ರೆ ಹೇಳ್ಬೇಕಿತ್ತು" ಎಂದಳು. "ಈ ಮನೇಲಿ ನನ್ನನ್ನ ಯಾರೂ ಏನೂ ಕೇಳಲ್ಲ. ಬಂದ ದಿನದಿಂದ ಕಾದಿದೀನಿ ಅತ್ತಿಗೆ. ಎಷ್ಟು ದಿನ ಇರ್ತೀಯ ಅಂತ ಯಾರಾದ್ರೂ ಕೇಳಿದ್ರೆ, ಇಲ್ಲೇ ಇರ್ತೀನಿ ಅನ್ನೋಣ ಅಂತ. ಒಬ್ಬರೂ ಕೇಳ್ಲಿಲ್ಲ. ಬಂದಿದಾಳೆ, ಬಿದ್ದಿರ್ಲಿ ಅಂತ ಸುಮ್ನಿದೀರಿ ಅಂದ್ಕೊಂಡೆ. ಮೊನ್ನೆ ಊಟಕ್ಕೆ ಕೂತಾಗ್ಲೂ ಅಷ್ಟೇ. ಎಲ್ಲರೂ ತಟ್ಟೆ ನೋಡಿದ್ರಿ."

ಅತ್ತೆ ಮಂಚದ ಅಂಚಿಗೆ ಕೂತುಬಿಟ್ಟರು. "ನಿನಗೆ ನೋವಾಗ್ಬಾರದು ಅಂತ ನಾನೇ ಕೇಳ್ಬೇಡಿ ಅಂದಿದ್ದೆ ಕಣೇ" ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಸರಿ, ಈಗ ನಾನು ಹೇಳ್ತಿದೀನಿ" ಎಂದೆ. "ಹೋಗ್ಬೇಡ. ನೀನಿಲ್ದೆ ನನಗಾಗಲ್ಲ. ಈಗಲೇ ಓನರಿಗೆ ಫೋನ್ ಮಾಡಿ ಬರಲ್ಲ ಅನ್ನು."

ಅವಳ ಕಣ್ಣು ತುಂಬಿತು. ಫೋನು ಮಾತ್ರ ತೆಗೆಯಲಿಲ್ಲ. ಕೈಗಂಟಿದ ಕ್ರೀಮನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಳು.

"ಅದೇ ತಿಳೀತಿಲ್ಲ ಅತ್ತಿಗೆ. ಸಿಟ್ಟಲ್ಲೇ ಹೂಂ ಅಂದೆ. ಅಂದ್ಮೇಲೆ ಅಳು ಬರ್ಬೇಕಿತ್ತು, ಬರ್ಲಿಲ್ಲ. ದಾರಿಯುದ್ದಕ್ಕೂ ಅಂಗಡಿ ಬೋರ್ಡಿಗೆ ಯಾವ ಬಣ್ಣ ಹಾಕ್ಸೋದು, ಗಾಜಿನ ಕಪಾಟು ಬಾಗಿಲಿಗೆ ಎದುರು ಇಡೋದೋ ಪಕ್ಕಕ್ಕೋ ಅಂತಾನೇ ಯೋಚ್ನೆ. ಈಗ ನೀವು ಇರು ಅಂದ್ರಿ, ಅದಕ್ಕೂ ಖುಷಿಯಾಯ್ತು. ಯಾವ ಖುಷಿ ದೊಡ್ಡದೋ ಗೊತ್ತಾಗ್ತಿಲ್ಲ."

ಕೊನೆಗೆ ನನ್ನ ಗಂಡ, ನಿಲ್ದಾಣದಲ್ಲಿ ಪ್ರಯಾಣಿಕರನ್ನು ಕೇಳುವ ದನಿಯಲ್ಲೇ ಕೇಳಿದರು: "ಹಾಗಾದ್ರೆ ಏನು ಪುಟ್ಟೀ? ಇರ್ತೀಯಾ, ಹೋಗ್ತೀಯಾ?"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಮಗನನ್ನು ಗದರಲಿಲ್ಲ. ಅವರೂ ಉತ್ತರಕ್ಕೆ ಕಾಯುತ್ತಿದ್ದರು.

ನಾದಿನಿ, "ಹೋಗ್ತೀನಿ ಅಣ್ಣ" ಎಂದಳು. "ರಜೆ ಸಿಕ್ಕಾಗೆಲ್ಲ ಬರ್ತೀನಿ."

ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಅಕ್ಕಾ, ಈ ಗೋಡೆಗೆ ಸುಮ್ನೆ ಗಾರೆ ಮೆತ್ತಿ ಮುಗಿಸಿ, ಅಡುಗೆಮನೆ ಹಿಡೀಲಾ?"

"ಯಾಕೆ ಮುಗಿಸ್ತೀರಿ?" ಎಂದು ನನಗಿಂತ ಮೊದಲು ಅವಳೇ ಕೇಳಿದಳು. ಚೂರುಗಳ ಮೇಲೆ ಕಾಲಿಡುತ್ತ ಒಳಗೆ ಹೋಗಿ, ಬೋಳು ಇಟ್ಟಿಗೆಯ ಮೇಲೆ ಬೆರಳಿಟ್ಟು ತೋರಿಸಿದಳು. "ಸ್ವಿಚ್ಚು ಇಲ್ಲಿ ಬರ್ಲಿ, ಮಂಚದ ತಲೆ ಕಡೆ. ಲೈಟ್ ಆರಿಸೋಕೆ ಎದ್ದು ಬಾಗಿಲವರೆಗೂ ಹೋಗೋಕೆ ನನ್ನ ಕೈಲಿ ಆಗಲ್ಲ. ಗೋಡೆಗೆ ಹಳದಿ ಬೇಡ, ನನಗೆ ಹಳದಿ ಕಂಡ್ರೆ ಆಗಲ್ಲ."

ಇಷ್ಟು ವರ್ಷದಲ್ಲಿ ಅವಳು ಈ ಮನೆಯಲ್ಲಿ ತನಗೆ ಇಂಥದ್ದು ಬೇಕು, ಇಂಥದ್ದು ಬೇಡ ಎಂದು ಹೇಳಿದ್ದು ಅದೇ ಮೊದಲು.

"ಹೋಗೋಳಿಗೆ ಸ್ವಿಚ್ಚು ಬೇರೆ ಕೇಡು!" ಎಂದು ಕಿರುಚಿದೆ. ಎಸೆದಿದ್ದ ಪೊರಕೆಯನ್ನೇ ಮತ್ತೆ ಎತ್ತಿಕೊಂಡೆ. ಮೇಸ್ತ್ರಿ ಏನು ಮಾಡಬೇಕೆಂದು ತಿಳಿಯದೆ ನನ್ನನ್ನೇ ನೋಡುತ್ತ ನಿಂತಿದ್ದರು.

"ನನ್ನ ಮುಖ ಏನ್ ನೋಡ್ತೀರಿ?" ಎಂದೆ. "ಅವಳ ರೂಮು. ಅವಳು ಎಲ್ಲಿ ಹೇಳಿದಳೋ ಅಲ್ಲೇ ಹಾಕಿ."