ಮೊದಲ ಅಂಕಿ

ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕ್ ಎಸೆದು ಬುಟ್ಟಿಗೆ ಹಾಕುವ ಆಟ ಕಲಿಯಲು ಹೊರಟ ಅಕ್ಕನಿಗೆ ಡಿಸ್ಕ್ ಆರಿಸಿಕೊಟ್ಟವನು ಆಟದ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳ ತಮ್ಮನೇ. ಡಿಸ್ಕಿನ ಮೇಲಿದ್ದ ನಾಲ್ಕು ಅಂಕಿಗಳ ತಲೆಬುಡ ಅವನಿಗೆ ತಿಳಿದಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಬೇಕಲ್ಲ. "ಮೊದಲನೇದು ವೇಗ. ಹನ್ನೆರಡಿದೆ ನೋಡು, ಎಲ್ಲಕ್ಕಿಂತ ದೂರ ಹೋಗುತ್ತೆ," ಎಂದುಬಿಟ್ಟ.

ಅಕ್ಕ ಎಸೆದಾಗಲೆಲ್ಲ ಅದು ಎಡಕ್ಕೆ ವಾಲಿ ಹತ್ತಿರದಲ್ಲೇ ಬೀಳುತ್ತಿತ್ತು. "ಡಿಸ್ಕಿಗೇನಾಗಿದೆ? ನಿನ್ನ ಕೈಲೇ ದಮ್ಮಿಲ್ಲ," ಎಂದು ಮನೆಯವರೆಲ್ಲರ ಮುಂದೆ ನಕ್ಕಿದ್ದ. ಆಮೇಲೆ ಅಂಗಡಿ ಯಜಮಾನರಿಂದ ನಿಜ ತಿಳಿಯಿತು. ಮರ್ಯಾದೆ ಹೋದೀತೆಂದು ಅಕ್ಕನಿಗೆ ಮಾತ್ರ ಹೇಳಲಿಲ್ಲ.

ಇವತ್ತು ಗಿರಾಕಿಯೊಬ್ಬರ ಮುಂದೆ ಅರಳು ಹುರಿದಂತೆ ಮಾತಾಡುತ್ತಿದ್ದ. "ಮೊದಲ ಅಂಕಿ ಅಂದ್ರೆ ಎಷ್ಟು ದೂರ ಹೋಗುತ್ತೆ ಅಂತಲ್ಲ ಸರ್. ಡಿಸ್ಕ್ ನೆಟ್ಟಗೆ ಹಾರ್ಬೇಕಾದ್ರೆ ನಾವು ಎಷ್ಟು ಜೋರಾಗಿ ಎಸೀಬೇಕು ಅಂತ. ಹೊಸಬರು ಬಲಗೈಲಿ ಹನ್ನೆರಡರದು ಎಸೆದ್ರೆ ಎಡಕ್ಕೆ ಬಿದ್ದೇ ಬೀಳುತ್ತೆ. ಕೈದೇನೂ ತಪ್ಪಿರಲ್ಲ."

ಗಿರಾಕಿ ಪಕ್ಕಕ್ಕೆ ಸರಿದರು. ಹಿಂದೆ ಅದೇ ಡಿಸ್ಕ್ ಹಿಡಿದು ಅಕ್ಕ ನಿಂತಿದ್ದಳು.

"ಇದನ್ನ ವಾಪಸ್ ಕೊಡೋಣ ಅಂತ ಬಂದೆ ಕಣೋ," ಎಂದಳು. "ಡಾಕ್ಟರಿಗೆ ಕೈ ತೋರಿಸ್ಕೊಂಡು ಬಂದೆ. ಏನೂ ಆಗಿಲ್ಲ ಅಂದ್ರು."