ನಮ್ಮವಳು ಹಟಮಾರಿ, ಮೇಷ್ಟ್ರೇ

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಜಪಾನಿನ ಇಮಾಬರಿಯಲ್ಲಿ ಈ ಗಾದೆಯನ್ನು ತಲೆಕೆಳಗು ಮಾಡಿ ಓದಬೇಕು. ಮನೆಯೊಳಗೆ ಎಷ್ಟೇ ಮುದ್ದಿನ ಮಗುವಾಗಿರಲಿ, ಹೊರಗಿನವರ ಮುಂದೆ ಅದನ್ನು ಹೆಗ್ಗಣವೆಂದೇ ಹೇಳಬೇಕು. ಯಾರಾದರೂ ಹೊಗಳಿದರೆ ಕೈ ಅಲ್ಲಾಡಿಸಿ ‘ಅಯ್ಯೋ, ಎಲ್ಲಿ ಬಂತು’ ಎಂದು ತಳ್ಳಿಹಾಕಬೇಕು. ಹೌದೆಂದು ಒಪ್ಪಿಕೊಂಡವಳಿಗೆ ಜಂಬಗಾತಿ ಎಂಬ ಹೆಸರು ಬಿದ್ದರೆ ಮುಗಿಯಿತು, ಓಣಿ ಬಿಟ್ಟರೂ ಹೆಸರು ಬಿಡುವುದಿಲ್ಲ. ತೊಮೊಎಗೆ ಇದನ್ನು ಯಾರೂ ಕಲಿಸಿರಲಿಲ್ಲ. ಅವಳ ತಾಯಿಯೂ ಅವಳನ್ನು ನೆಂಟರ ಮುಂದೆ ಹೀಗೆಯೇ ಹಳಿಯುತ್ತಾ ಬೆಳೆಸಿದ್ದಳು.

ಆದ್ದರಿಂದ ಮೇ ತಿಂಗಳಲ್ಲಿ ಮಿನೊಬೆ ಮೇಷ್ಟ್ರು ಮನೆ ಭೇಟಿಗೆ ಬಂದಾಗ ತೊಮೊಎ ತನ್ನ ಪಾಲಿನ ಮಾತನ್ನು ತಪ್ಪದೆ ಆಡಿದಳು. ಏಪ್ರಿಲಿನಲ್ಲಿ ಶಾಲೆಯ ವರ್ಷ ಶುರುವಾದೊಡನೆ ತರಗತಿಯ ಮೇಷ್ಟ್ರು ಮನೆಮನೆಗೆ ಬಂದು ಹೊಸಿಲಲ್ಲೇ ಕೂತು ನಾಲ್ಕು ಮಾತಾಡಿ ಹೋಗುವುದು ರೂಢಿ. ಗಂಡ ಸರಕು ಹಡಗಿನಲ್ಲಿ ದುಡಿಯುವವನು, ಎಂದಿನಂತೆ ಸಮುದ್ರದ ಮೇಲಿದ್ದ. ನಾಲ್ಕನೆಯ ತರಗತಿಯ ಮಗಳು ಚಿಹೊ ಒಳಕೋಣೆಯಲ್ಲಿದ್ದಳು. ನಡುವೆ ಇದ್ದದ್ದು ಒಂದು ಕಾಗದದ ಬಾಗಿಲು.

“ನಮ್ಮವಳು ಹಟಮಾರಿ, ಮೇಷ್ಟ್ರೇ. ಊಟಕ್ಕೆ ಕೂತ್ರೆ ಅದು ಬೇಡ, ಇದು ಬೇಡ. ದಾಕ್ಷಿಣ್ಯ ಮಾಡ್ಬೇಡಿ, ಬಿಗಿಯಾಗಿ ಹಿಡೀರಿ.”

ಇದಕ್ಕೆ ಮೇಷ್ಟ್ರು ‘ಛೆ ಛೆ, ಜಾಣ ಹುಡುಗಿ’ ಎನ್ನಬೇಕು, ಅಲ್ಲಿಗೆ ಇಬ್ಬರ ಮರ್ಯಾದೆಯೂ ಸರಿಹೋಗುತ್ತದೆ. ಆದರೆ ಮಿನೊಬೆಗೆ ಇನ್ನೂ ಎಳೆ ವಯಸ್ಸು, ಮೇಷ್ಟ್ರುಗಿರಿ ಹೊಸದು. ಆಗಲಿ, ನಾನು ನೋಡಿಕೊಳ್ಳುತ್ತೇನೆ ಎಂದು ಗಂಭೀರವಾಗಿ ತಲೆಬಾಗಿ, ಇಟ್ಟ ಚಹಾ ಮುಟ್ಟದೆ ಮುಂದಿನ ಮನೆಗೆ ಹೋದರು.

ಆಗಸ್ಟಿನ ಬೇಸಿಗೆ ರಜೆ ಮುಗಿದ ಮೇಲೆ ಚಿಹೊಗೆ ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಡಾಕ್ಟರು ಒತ್ತಿ ನೋಡಿ ಏನೂ ಇಲ್ಲವೆಂದರು. ಅಕ್ಟೋಬರಿನಲ್ಲಿ ಒಂದು ದಿನ ಅವಳು ಒಂದೇ ಕಾಲಿಗೆ ಶೂ ಹಾಕಿಕೊಂಡು ಹೊಸಿಲಲ್ಲಿ ಕೂತುಬಿಟ್ಟಳು. ಇನ್ನೊಂದು ಶೂ ಕೈಯಲ್ಲೇ ಉಳಿಯಿತು. ತೊಮೊಎ ಗದರಿದಳು, ರಮಿಸಿದಳು, ಕೊನೆಗೆ ಶಾಲೆಗೆ ಫೋನ್ ಮಾಡಿ ಜ್ವರ ಎಂದಳು. ಮರುದಿನವೂ ಜ್ವರ ಎಂದಳು. ಶಾಲೆಯವರು ಪ್ರತಿ ಸಲವೂ ಹುಷಾರಾಗಿ ನೋಡಿಕೊಳ್ಳಿ ಎಂದು ನಯವಾಗಿ ಹೇಳಿ ಫೋನ್ ಇಟ್ಟರು. ಆ ನಯ ಕೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು, ತಾನೂ ಅಷ್ಟೇ ನಯವಾಗಿ ಸುಳ್ಳು ಹೇಳುತ್ತಿದ್ದೇನೆಂದು ಗೊತ್ತಿದ್ದೂ.

ಟವೆಲ್ ಕಾರ್ಖಾನೆಯಲ್ಲಿ ಅಂಚಿನ ನೂಲು ಬಿಟ್ಟಿದೆಯೇ ಎಂದು ನೋಡುವುದು ಅವಳ ಕೆಲಸ. ಈಗ ನೋಡಿದ ಟವೆಲನ್ನೇ ಮತ್ತೆ ನೋಡುತ್ತಿದ್ದಳು, ನೋಡದ್ದು ಕೈತಪ್ಪಿ ಮುಂದೆ ಹೋಗುತ್ತಿತ್ತು. ಒಬ್ಬಳೇ ಮನೆಯಲ್ಲಿ ಏನು ಮಾಡುತ್ತಿದ್ದಾಳೋ. ಹೀಗೇ ಬಿಟ್ಟರೆ ಈ ಮಗು ಮತ್ತೆ ಶಾಲೆಯ ಮುಖ ನೋಡುವುದಿಲ್ಲ, ಆಮೇಲೆ ಮನೆಯ ಹೊರಗಿನ ಯಾರ ಮುಖವನ್ನೂ ನೋಡುವುದಿಲ್ಲ. ಅಂಥ ಮಕ್ಕಳ ಸುದ್ದಿಯನ್ನು ಊರವರು ದನಿ ತಗ್ಗಿಸಿ ಮಾತಾಡುವುದನ್ನು ಅವಳು ಕೇಳಿದ್ದಳು.

ಒಂದು ಮಧ್ಯಾಹ್ನ ಶಾಲೆಯಿಂದಲೇ ಫೋನ್ ಬಂತು. ಮಾತಾಡಿದವರು ಆರೋಗ್ಯ ಕೋಣೆಯ ಸುಗಾನುಮ ಟೀಚರ್. ಹೊಟ್ಟೆನೋವಿನಿಂದ ಹಿಡಿದು ಮುರಿದ ಮನಸ್ಸಿನವರೆಗೆ ಮಕ್ಕಳು ಓಡಿಹೋಗುವುದು ಆ ಕೋಣೆಗೇ.

“ಜ್ವರ ಎಷ್ಟಿದೆ ಅಮ್ಮಾ?”

ತೊಮೊಎಯ ಬಾಯಲ್ಲಿ ಸುಳ್ಳು ಸಿದ್ಧವಾಗಿಯೇ ಇತ್ತು. ಆದರೆ ಹೇಳಿ ಹೇಳಿ ಅವಳಿಗೇ ಸಾಕಾಗಿತ್ತು.

“ಜ್ವರ ಇಲ್ಲ. ಒಂದು ದಿನಾನೂ ಇರ್ಲಿಲ್ಲ.”

“ನೀವು ನಿಜ ಹೇಳಿದ್ರಿ. ಈಗ ನಾವು ಮುಚ್ಚಿಟ್ಟಿದ್ದೂ ಕೇಳಿ.”

ಟೀಚರ್ ಹೇಳಿದ್ದು ಶಾಲೆಯಲ್ಲಿ ಮಧ್ಯಾಹ್ನ ಕೊಡುವ ಊಟದ ಸಂಗತಿ. ಎಲ್ಲರೂ ತಟ್ಟೆ ಖಾಲಿ ಮಾಡಬೇಕೆಂದು ಆ ತರಗತಿಯ ಪಣ. ಚಿಹೊಗೆ ಗಂಟಲಲ್ಲಿ ಇಳಿಯದು. ಆಟದ ಬಿಡುವಿನಲ್ಲೂ ಅವಳು ತಟ್ಟೆಯ ಮುಂದೆ. ಬಿಡುವು ಮುಗಿದು ಮಕ್ಕಳು ಮೇಜುಗಳನ್ನು ಹಿಂದೆ ತಳ್ಳಿ ಕಸ ಗುಡಿಸುವಾಗಲೂ, ಆ ಧೂಳಿನಲ್ಲೇ, ಆರಿದ ಮೀನು ನೋಡುತ್ತಾ ಕೂತಿರುತ್ತಿದ್ದಳಂತೆ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಚಿಹೊನ ಕರೆದುಕೊಂಡು ಬನ್ನಿ, ಎಲ್ಲರೂ ಕೂತು ಮಾತಾಡೋಣ ಎಂದರು.

ತೊಮೊಎ ಮಗಳೊಡನೆ ಶಾಲೆಯ ದಾರಿಯುದ್ದಕ್ಕೂ ಮಿನೊಬೆಗೆ ಹೇಳಬೇಕಾದದ್ದನ್ನು ಮಸೆಯುತ್ತಾ ನಡೆದಳು. ಮೇಷ್ಟ್ರ ಕೋಣೆಯಲ್ಲಿ ಕೂತೊಡನೆ ಕೇಳಿಯೇಬಿಟ್ಟಳು, ಕಸ ಗುಡಿಸುವ ಧೂಳಲ್ಲಿ ಮಗುವಿಗೆ ಅನ್ನ ತಿನ್ನಿಸುವುದನ್ನು ನಿಮಗೆ ಯಾವ ಕಾಲೇಜು ಕಲಿಸಿತು ಎಂದು. ಮಿನೊಬೆಯ ಕಿವಿ ಕೆಂಪಾಯಿತು. ಉತ್ತರ ಬಂದದ್ದು ಪಕ್ಕದ ಕುರ್ಚಿಯಿಂದ.

“ಮೇಷ್ಟ್ರಿಗೆ ಬೈಬೇಡಮ್ಮ,” ಎಂದಳು ಚಿಹೊ. “ಬಿಗಿಯಾಗಿ ಹಿಡೀರಿ ಅಂತ ನೀನೇ ಅಲ್ವಾ ಹೇಳಿದ್ದು.”

“ಅದು ಬಾಯಿಮಾತಿಗೆ ಹೇಳಿದ್ದು ಕಣೇ! ಎಲ್ಲರೂ ಹಾಗೇ ಹೇಳೋದು.”

“ದೊಡ್ಡವರಿಗೆ ಅದು ಗೊತ್ತು,” ಎಂದರು ಸುಗಾನುಮ ಟೀಚರ್. “ಚಿಹೊಗೆ ಯಾರು ಹೇಳಿದ್ರು?”

ಕಾಗದದ ಬಾಗಿಲಿನ ಆಚೆ ಕೂತು ಮಗು ತನ್ನ ಬಗ್ಗೆ ಏನೇನು ಕೇಳಿಸಿಕೊಂಡಿರಬಹುದು! ಅಜ್ಜಿಯ ಫೋನಿನಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ. ಹುಟ್ಟಿದಾಗಿನಿಂದ ಅವಳನ್ನು ದಡ್ಡಿ, ಸೋಮಾರಿ, ಹಟಮಾರಿ ಎಂದು ಊರಿಗೆಲ್ಲ ಹಂಚಿದ್ದು ತಾನೇ. ತೊಮೊಎಗೆ ಕೂತ ಜಾಗದಲ್ಲಿ ಕೂರಲಾಗಲಿಲ್ಲ. ಎದುರಿಗಿದ್ದವರ ಮೇಲೆ ತಂದ ಸಿಟ್ಟೆಲ್ಲ ತಿರುಗಿ ಅವಳ ಎದೆಗೇ ಬಿತ್ತು.

ಮಿನೊಬೆ ಎದ್ದು ಚಿಹೊಗೇ ತಲೆಬಾಗಿ, ತಪ್ಪು ನನ್ನದು, ಹೇಳಿದ್ದನ್ನು ಕೇಳಿದೆ, ನಿನ್ನನ್ನು ಕೇಳಲಿಲ್ಲ ಎಂದರು. ಇನ್ನು ತಟ್ಟೆಗೆ ಎಷ್ಟು ಬೇಕೆಂದು ಅವಳೇ ಹೇಳುವುದು, ಕಷ್ಟವಾದರೆ ಆರೋಗ್ಯ ಕೋಣೆಯಲ್ಲಿ ಉಣ್ಣುವುದು, ತರಗತಿಯ ಪಣ ಇಂದಿಗೆ ರದ್ದು ಎಂದು ಮಾತಾಯಿತು. ತೊಮೊಎ ಇನ್ನು ಫೋನಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಶಾಲೆಯೂ ಹಾಗೆಯೇ.

“ಇನ್ನೊಂದು ಬಾಕಿ ಇದೆ,” ಎಂದರು ಸುಗಾನುಮ ಟೀಚರ್. “ಅದು ನಮ್ಮ ಕೈಲಿ ಆಗೋದಲ್ಲ.”

ತೊಮೊಎಗೆ ಅರ್ಥವಾಯಿತು. ಹೊರಗಿನವರ ಮುಂದೆ ಹೆತ್ತ ಮಗಳನ್ನು ಹೊಗಳುವುದೆಂದರೆ ಬಟ್ಟೆ ಬಿಚ್ಚಿ ನಿಂತಷ್ಟು ನಾಚಿಕೆ. ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು.

“ಚಿಹೊ ಒಳ್ಳೆ ಹುಡುಗಿ. ಹಟಮಾರಿ ಅಲ್ಲ. ನಾನು ಕೆಲಸದಿಂದ ಬರೋಷ್ಟ್ರಲ್ಲಿ ಅಕ್ಕಿ ತೊಳೆದಿಟ್ಟಿರ್ತಾಳೆ. ನನಗೆ ಇವಳು ಅಂದ್ರೆ… ತುಂಬ ಇಷ್ಟ.”

ಚಿಹೊ ಅಮ್ಮನ ಮುಖವನ್ನು ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಮೇಷ್ಟ್ರ ಕೋಣೆಯಲ್ಲಿ ಹೇಳಿಸಿದ ಮಾತಲ್ಲವೇ ಅದು.

ಗೇಟಿನಿಂದ ಹೊರಗೆ ಬಂದರು. ಮಗಳ ಕೈ ಅವಳ ಕೈಯಲ್ಲಿತ್ತು. ಎದುರಿನಿಂದ ಸೈಕಲ್ಲಿನಲ್ಲಿ ಬಂದ ಪಕ್ಕದ ಓಣಿಯ ನೊಜಾಕಿಯಮ್ಮ ಕಾಲು ಊರಿ ನಿಂತರು. ಚಿಹೊ ಹುಷಾರಾದಳಾ, ಎಷ್ಟು ಚೆಂದದ ಹುಡುಗಿ, ನಮ್ಮ ಮನೆಯದೂ ಇದೆ ದಂಡಪಿಂಡ ಎಂದು ವಾಡಿಕೆಯ ಮಾತಾಡಿದರು. ತೊಮೊಎಯ ಕೈ ತಾನಾಗಿಯೇ ಮೇಲೆದ್ದು ಅಲ್ಲಾಡಿತು.

“ಅಯ್ಯೋ, ಎಲ್ಲಿ ಬಂತು! ಬರೀ ಹಟಮಾರಿ.”

ನೊಜಾಕಿಯಮ್ಮ ನಕ್ಕು ಪೆಡಲು ತುಳಿದರು. ಚಿಹೊ ಕೈ ಬಿಡಿಸಿಕೊಂಡಳು. ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ ಬಿಡಿಸಿಕೊಂಡಳು, ಅದೇ ತೊಮೊಎಗೆ ತಡೆಯಲಾಗಲಿಲ್ಲ. ಕೈಚೀಲವನ್ನು ನೆಲಕ್ಕೆ ಬಿಟ್ಟು ಓಡಿದಳು. ಇಳಿಜಾರು, ಸೈಕಲ್ಲು ಆಗಲೇ ತಿರುವಿನ ಹತ್ತಿರ. ಮದುವೆಯಾದ ಮೇಲೆ ರಸ್ತೆಯಲ್ಲಿ ಓಡಿದವಳೇ ಅಲ್ಲ. ನೊಜಾಕಿಯಮ್ಮನೋರೇ, ನಿಲ್ಲಿ ಎಂದು ಕೂಗಿದ್ದಕ್ಕೆ ಸೊಪ್ಪಿನ ಅಂಗಡಿಯವನು ಹೊರಗೆ ಬಂದ.

ಆಕೆ ಗಾಬರಿಯಿಂದ ಇಳಿದು ಯಾರಿಗೇನಾಯಿತೆಂದು ಕೇಳಿದರು. ತೊಮೊಎ ಸೈಕಲ್ಲಿನ ಬುಟ್ಟಿ ಹಿಡಿದು ಏದುಸಿರು ಬಿಟ್ಟಳು.

“ಈಗ ಹೇಳಿದ್ದು ಸುಳ್ಳು. ನಮ್ಮ ಚಿಹೊ ಹಟಮಾರಿ ಅಲ್ಲ. ಒಳ್ಳೆ ಹುಡುಗಿ.”

ನೊಜಾಕಿಯಮ್ಮ ತಲೆಯಾಡಿಸಿ ಮತ್ತೆ ಸೈಕಲ್ಲು ಹತ್ತಿದರು. ಸಂಜೆಯೊಳಗೆ ಈ ಸುದ್ದಿ ಓಣಿಯೆಲ್ಲ ಸುತ್ತುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ತೊಮೊಎ ಏರು ಹತ್ತಿ ವಾಪಸು ಬಂದಾಗ ಚಿಹೊ ಬಿದ್ದ ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಮುಖ ಕೆಂಪಾಗಿತ್ತು.

“ಅಷ್ಟು ಜೋರಾಗಿ ಕೂಗ್ತಾರೇನಮ್ಮ? ಅಂಗಡಿಯವರಿಗೂ ಕೇಳಿಸ್ತು.”

“ಕೇಳಿಸ್ಲಿ,” ಎಂದಳು ತೊಮೊಎ.

ಚಿಹೊ ಅಂಗಡಿಯ ಕಡೆ ಒಮ್ಮೆ ನೋಡಿ, ಅಮ್ಮನ ಕೈ ಹಿಡಿದುಕೊಂಡಳು.