ನಾಲ್ಕನೆಯವಳು

"ಒಂದು, ಎರಡು, ಮೂರು. ಆಮೇಲೆ ನೀನು. ಇಷ್ಟು ಎಣಿಸೋಕೆ ಬರಲ್ವೇನೇ ಮುಂಡೇದೆ? ಕತ್ತೆಗೆ ಹೇಳಿಕೊಟ್ಟಿದ್ರೆ ಇಷ್ಟೊತ್ತಿಗೆ ಮಗ್ಗಿ ಒಪ್ಪಿಸ್ತಿತ್ತು!"

ಓಟದ ಮೇಷ್ಟ್ರು ಸೀಟಿಯ ದಾರದಿಂದ ಅವಳ ಮೀನಖಂಡಕ್ಕೆ ಛಟೀರನೆ ಬಾರಿಸಿದರು. ಅವಳು ಮಂಡಿಯ ಮೇಲೆ ಕೈಯೂರಿ, ಬಗ್ಗಿ, ಏದುಸಿರು ಬಿಡುತ್ತಿದ್ದಳು. ಮೂಗಿನ ತುದಿಯಿಂದ ಬೆವರು ಕೆಂಪು ಟ್ರ್ಯಾಕಿನ ಮೇಲೆ ತೊಟ್ಟಿಕ್ಕುತ್ತಿತ್ತು. ಹುಲ್ಲಿನ ಮೇಲೆ ಕೂತು ಬೂಟು ಬಿಚ್ಚುತ್ತಿದ್ದ ಹುಡುಗಿಯರು ಕಿಸಕ್ಕೆಂದರು.

"ಮೂರನೆಯವಳು ಎಡವಿದ್ಲು ಸಾರ್. ನಾನೇನು ಬೇಕು ಅಂತ..."

"ಅವಳು ಎಡವಿದ್ರೆ ನೀನೂ ಎಡವು. ಅವಳು ಸತ್ರೆ ಪಕ್ಕದಲ್ಲಿ ಕೂತು ಅಳು. ಮುಂದೆ ಮಾತ್ರ ಬರಕೂಡದು. ನಾಳಿದ್ದಿನ ಓಟದಲ್ಲೇನಾದ್ರೂ ಹಿಂಗೆ ಮಾಡಿದ್ಯೋ, ಚರ್ಮ ಸುಲಿದು ಬೂಟು ಹೊಲಿಸ್ತೀನಿ."

ಹುಡುಗಿಯರು ಅವಳನ್ನು ಕರೆಯುತ್ತಿದ್ದುದೇ ಹಾಗೆ, 'ನಾಲ್ಕು' ಎಂದು. ಏ ನಾಲ್ಕೂ, ಬಕೀಟು ತಗೊಂಬಾರೇ. ಏ ನಾಲ್ಕೂ, ಸಾಕ್ಸ್ ಒಣಗಾಕೇ. ನಾಲ್ಕು ವರ್ಷದಲ್ಲಿ ಹತ್ತೊಂಬತ್ತು ಸಲ ಅವಳು ಹತ್ತು ಸಾವಿರ ಮೀಟರ್ ಓಡಿದ್ದಳು. ಒಂದೊಂದರಲ್ಲೂ ಇಪ್ಪತ್ತೈದು ಸುತ್ತು, ಒಂದೊಂದರಲ್ಲೂ ನಾಲ್ಕನೆಯ ಸ್ಥಾನ. ಮೊದಲು ಬರುವುದಕ್ಕೆ ಕಾಲಿದ್ದರೆ ಸಾಕು. ನಾಲ್ಕನೆಯವಳಾಗಿ ಬರುವುದಕ್ಕೆ ಕಾಲಿನ ಬಾಯಿ ಕಟ್ಟಬೇಕು, ಎದೆಯ ಬಾಯಿ ಕಟ್ಟಬೇಕು, ಮುಂದಿರುವವಳ ಹಿಮ್ಮಡಿಯನ್ನೇ ನೋಡುತ್ತ ಓಡಬೇಕು. ಅವಳಿಗೆ ಮುಖಗಳಿಗಿಂತ ಹಿಮ್ಮಡಿಗಳ ಗುರುತೇ ಹೆಚ್ಚಿತ್ತು. ಇದೆಲ್ಲ ಕ್ಲಬ್ಬಿನ ಉಪಾಯ, ಚಿನ್ನಿಯ ಬೆನ್ನು ಕಾಯುವುದೇ ನಿನ್ನ ಕೆಲಸ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ಅವಳು ನಂಬಿದ್ದಳು.

ಚಿನ್ನಿ ಕ್ಲಬ್ಬಿನ ಅಧ್ಯಕ್ಷರ ಮಗಳು. ಗೆದ್ದ ಚಿನ್ನದ ಪದಕಗಳಿಂದ ಬಂದ ಹೆಸರು ಅದು. ವಾರಕ್ಕೆರಡು ಸಲ ಕ್ಲಬ್ಬಿನ ಡಾಕ್ಟರಮ್ಮ ಚಿನ್ನಿಯನ್ನು ಒಳಕೋಣೆಗೆ ಕರೆದು ಬಾಗಿಲು ಹಾಕಿಕೊಂಡು ಸೂಜಿ ಚುಚ್ಚುತ್ತಿದ್ದರು. ಒಮ್ಮೆ ಇವಳೂ ಬಾಗಿಲಲ್ಲಿ ನಿಂತು ಬೇಡಿಕೊಂಡಿದ್ದಳು.

"ನಂಗೂ ಒಂದು ಚುಚ್ಚಿ ಡಾಕ್ಟರಮ್ಮಾ. ನಂಗೂ ಶಕ್ತಿ ಬರಲಿ."

"ನೀನು ಹಿಂಗೇ ಚೆನ್ನಾಗಿದ್ದೀಯ ಕಣೇ. ತೊಳೆದಿಟ್ಟ ಅಕ್ಕಿ ಇದ್ದಂಗೆ ಇದ್ದೀಯ," ಎಂದು ಡಾಕ್ಟರಮ್ಮ ಕೆನ್ನೆ ತಟ್ಟಿದ್ದರು. ಅದರ ಮುಂದಿನ ತಿಂಗಳು ನಾಲ್ಕು ದಿನ ಜ್ವರ ಕೆಂಡದಂತೆ ಸುಟ್ಟಾಗಲೂ ಒಂದು ಮಾತ್ರೆ ಕೊಡಲಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕಿ, ಮಾತ್ರೆ ಮುಟ್ಟಿದರೆ ಗೇಟಿನಾಚೆ ಎಂದಿದ್ದರು. ಓಟ ಮುಗಿದಾಗಲೆಲ್ಲ ಮಾತ್ರ ಕ್ರೀಡಾಂಗಣದ ಹಿಂದಿನ ಕಕ್ಕಸಿನವರೆಗೂ ತಾವೇ ಬಂದು, ಅಂಗೈಯಗಲದ ಒಂದು ರಬ್ಬರ್ ಚೀಲ ಕೊಟ್ಟು, "ತುಂಬು. ನಿನ್ನ ಆರೋಗ್ಯ ನೋಡ್ಬೇಕು," ಎನ್ನುತ್ತಿದ್ದರು. ತುಂಬಿದ ಚೀಲವನ್ನು ಕೋಟಿನೊಳಗೆ ಮೈಗೊತ್ತಿ ಇಟ್ಟುಕೊಂಡು ಸರಸರನೆ ಹೋಗಿಬಿಡುತ್ತಿದ್ದರು.

ಆ ಕಕ್ಕಸು ತೊಳೆಯುವವಳು ಅವಳ ಅಮ್ಮ.

ಓಟದ ಹಿಂದಿನ ಮಧ್ಯಾಹ್ನ ಅಮ್ಮ ಕೊನೆಯ ಕಕ್ಕಸಿನ ನೆಲ ಉಜ್ಜುತ್ತಿದ್ದಳು. ಮಗಳು ಬೋರಲು ಹಾಕಿದ ಬಕೀಟಿನ ಮೇಲೆ ಕೂತು ಬಾಸುಂಡೆ ಎದ್ದ ಕಾಲು ನೀವಿಕೊಳ್ಳುತ್ತಿದ್ದಳು.

"ಆ ಚೀಲ ಎಲ್ಲಿಗೆ ಹೋಗುತ್ತೆ ಗೊತ್ತೇನೇ ನಿಂಗೆ?" ಅಮ್ಮ ತಲೆ ಎತ್ತದೆ ಕೇಳಿದಳು.

"ಪರೀಕ್ಷೆಗೆ."

"ಪರೀಕ್ಷೆಗೇ. ಆದ್ರೆ ನಿಂದಲ್ಲ. ಚಿನ್ನೀದು." ಅಮ್ಮ ಪೊರಕೆ ಗೋಡೆಗೆ ಬಡಿದು ನೀರು ಒದರಿದಳು. "ಮೊದಲು ಬಂದ ಮೂರು ಜನದ್ದು ಉಚ್ಚೆ ಹಿಡೀತಾರೆ, ಮದ್ದು ಗಿದ್ದು ತಿಂದು ಓಡಿದಾರಾ ಅಂತ ನೋಡೋಕೆ. ಚಿನ್ನಿ ಮೈಯೆಲ್ಲಾ ಮದ್ದೇ. ಅದಕ್ಕೇ ನಿನ್ನ ಚೀಲ ಚಡ್ಡೀಲಿ ಇಟ್ಕೊಂಡು ಹೋಗಿ ಸೀಸೆಗೆ ಹಿಂಡ್ತಾಳೆ. ನೋಡ್ಬೇಕಾದ ಹೆಂಗಸು ಕಿಟಕಿ ಕಡೆ ತಿರುಗ್ತಾಳೆ, ಅವಳು ಇವರ ಕಡೆಯವಳೇ. ತಣ್ಣಗಾದ್ರೆ ಸಿಕ್ಕಿಬೀಳ್ತಾರಂತೆ, ಬಿಸಿಬಿಸಿ ಬೇಕಂತೆ. ಬಾಣಂತಿ ಊಟ ಇದ್ದಂಗೆ!"

"ನಿಂಗ್ಯಾರು ಹೇಳಿದ್ರು?"

"ಡಾಕ್ಟರಮ್ಮ, ಮೇಷ್ಟ್ರು ಇಬ್ರೂ ನನ್ನ ಮುಂದೇನೇ ಮಾತಾಡ್ಕೊಂಡ್ರು. ನಾನು ಇಲ್ಲೇ ಬಗ್ಗಿ ಗುಡಿಸ್ತಿದ್ದೆ. ಪೊರಕೆಗೆ ಕಿವಿ ಇರುತ್ತೆ ಅಂತ ಯಾರು ಅಂದ್ಕೋತಾರೆ? ಬೇರೆ ಹುಡುಗೀರದ್ದು ಯಾಕೆ ಬೇಡ ಅಂದ್ರೆ, ಅವರಿಗೆ ಕೇಳೋ ಅಪ್ಪಂದಿರಿದಾರಂತೆ. ನಿಂಗೆ ನಾನಿದೀನಲ್ಲ." ಇದ್ದಕ್ಕಿದ್ದಂತೆ ಅಮ್ಮನಿಗೆ ನಗು ಉಕ್ಕಿತು. ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. "ಹದಿನೇಳು ವರ್ಷ ಅವರದ್ದು ನಾನು ಎತ್ತಿದೆ. ಈಗ ನಿಂದು ಅವರು ಎದೆಗೆ ಅಪ್ಪಿಕೊಂಡು ಹೋಗ್ತಾರಲ್ಲೇ!"

ಅವಳು ನಗಲಿಲ್ಲ. ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಬೆಟ್ಟದಾಚೆ ಒಂದು ಗಿಳಿಯ ಹೊಟ್ಟೆಯಲ್ಲಿರುತ್ತಿತ್ತು. ಗಿಳಿಗೆ ಮಾತ್ರ ಅದು ಗೊತ್ತಿರುತ್ತಿರಲಿಲ್ಲ. ಹಣ್ಣು ಹಾಕುತ್ತಾರೆ, ಸಾಕುತ್ತಾರೆ ಎಂದು ಪಂಜರದಲ್ಲಿ ಹಾಡಿಕೊಂಡಿರುತ್ತಿತ್ತು.

"ಹಂಗಾದ್ರೆ, ನಾನು ನಾಲ್ಕನೆಯವಳಾಗೇ ಬರಬೇಕು ಅನ್ನೋದು..."

"ಮೂರರೊಳಗೆ ಬಂದ್ರೆ ನಿನ್ನನ್ನೂ ಕರೀತಾರಲ್ಲ! ಎರಡು ಸೀಸೇಲೂ ಒಂದೇ ನೀರು ಸಿಕ್ರೆ ಇವರ ಗತಿ? ಇನ್ನೂ ಹಿಂದೆ ಬಿದ್ರೆ ಚೀಲ ತಡ ಆಗುತ್ತೆ."

ಅವಳು ಬಾಸುಂಡೆಯ ಮೇಲಿನ ಕೈ ತೆಗೆದಳು. "ಅಮ್ಮಾ, ಹಂಗಾದ್ರೆ ನಾನು ಇನ್ನೂ ಜೋರಾಗಿ ಓಡಬಹುದಿತ್ತಾ? ಇಷ್ಟು ವರ್ಷ?"

ಅಮ್ಮನ ನಗು ನಿಂತಿತು. "ಸುಮ್ನಿರು. ಕೊಟ್ಟುಬಿಡು, ಹೆಂಗೂ ಚೆಲ್ಲೋದೇ ತಾನೆ. ನಿಂಗೆ ಹಾಸಿಗೆ ಇದೆ, ಅನ್ನ ಇದೆ. ನಂಗೆ ಈ ಪೊರಕೆ ಇದೆ. ಬಾಯಿ ಬಿಟ್ರೆ ಮೂರೂ ಹೋಗುತ್ತೆ."

ಮರುದಿನದ ಓಟದಲ್ಲಿ ಮೊದಲು ಬಂದ ಮೂವರನ್ನು ದೇಶದ ತಂಡಕ್ಕೆ ಆರಿಸುವವರಿದ್ದರು. ಬೆಳಗ್ಗೆ ಡಾಕ್ಟರಮ್ಮ ಮುಂದೆ ನಿಂತು ಎರಡು ತಂಬಿಗೆ ನೀರು ಕುಡಿಸಿ, "ಓಟ ಮುಗಿಯೋವರೆಗೂ ಹಿಡ್ಕೋ. ಒಂದು ಹನಿ ಬಿಟ್ರೆ ನೋಡು," ಎಂದರು.

ಹತ್ತನೆಯ ಸುತ್ತಿಗೆ ಕಿಬ್ಬೊಟ್ಟೆ ಕಲ್ಲಾಯಿತು. ಹದಿನೈದಕ್ಕೆ ಆ ಕಲ್ಲು ಪ್ರತಿ ಹೆಜ್ಜೆಗೂ ಒಳಗೊಳಗೇ ಗುದ್ದತೊಡಗಿತು. ಅವಳು ನಾಲ್ಕನೆಯವಳಾಗಿಯೇ ಇದ್ದಳು. ಎದುರಿಗೆ ಬೇರೆ ಕ್ಲಬ್ಬಿನ ಜಡೆಯವಳ ಹಿಮ್ಮಡಿ, ಅದರಾಚೆ ಇನ್ನೊಬ್ಬಳದು, ಎಲ್ಲಕ್ಕಿಂತ ಮುಂದೆ ಚಿನ್ನಿಯದು. ಇಪ್ಪತ್ತಮೂರನೆಯ ಸುತ್ತಿನಲ್ಲಿ ಜಡೆಯವಳ ಉಸಿರು ಸಿಳ್ಳೆ ಹಾಕತೊಡಗಿತು, ಹಿಮ್ಮಡಿ ಒಳಕ್ಕೆ ತಿರುಚಿತು. ಬೇಲಿಯಾಚೆ ಮೇಷ್ಟ್ರು ನಾಲ್ಕು ಬೆರಳು ಎತ್ತಿ ತೋರಿಸಿದರು. ಬೆರಳುಗಳು ಗಾಳಿಯಲ್ಲಿ ಕುಣಿದವು.

ಅವಳು ಆ ಬೆರಳುಗಳನ್ನು ಚೆನ್ನಾಗಿ ನೋಡಿದಳು. ಆಮೇಲೆ ಜಡೆಯವಳನ್ನು ದಾಟಿದಳು.

"ಏಯ್! ಏಯ್ ಬೇವರ್ಸಿ! ಹಿಂದೆ ಬಾರೇ!" ಮೇಷ್ಟ್ರು ಬೇಲಿಯ ಉದ್ದಕ್ಕೂ ಓಡಿದರು. ಹೊಟ್ಟೆ ಅಲ್ಲಾಡಿಸಿಕೊಂಡು ಓಡಿ ಓಡಿ ಒಂದು ಕಡೆ ಕುಸಿದರು. ಕೊನೆಯ ಸುತ್ತಿನಲ್ಲಿ ಇನ್ನೊಂದು ಹಿಮ್ಮಡಿಯೂ ಹಿಂದೆ ಬಿತ್ತು. ಚಿನ್ನಿ ತಿರುಗಿ ನೋಡಿದಳು. ಅಷ್ಟು ವರ್ಷಗಳಲ್ಲಿ ಓಡುವಾಗ ಚಿನ್ನಿಯ ಮುಖ ಅವಳಿಗೆ ಕಂಡದ್ದು ಅದೇ ಮೊದಲು. ಬಾಯಿ ತೆರೆದಿತ್ತು, ಬಣ್ಣ ಬೂದಿಯಾಗಿತ್ತು.

ಚಿನ್ನಿ ಗೆದ್ದಳು. ಅವಳ ಹಿಂದೆಯೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಎರಡನೆಯವಳು ಬಂದಳು.

ಪರೀಕ್ಷೆಯ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ನೀರಿನ ಜಗ್ಗು. ಮೂರನೆಯವಳು ಇನ್ನೂ ಬಂದಿರಲಿಲ್ಲ. ಮೇಜಿನ ಹಿಂದೆ ಅಮ್ಮ ಹೇಳಿದ್ದ ಅದೇ ಹೆಂಗಸು. ಚಿನ್ನಿಯ ಜೊತೆಗೆಂದು ಒಳಗೆ ಬಂದಿದ್ದ ಡಾಕ್ಟರಮ್ಮ ಎರಡನೆಯವಳ ಕುರ್ಚಿಯ ಮುಂದೆ ಮಂಡಿಯೂರಿ, ಬೂಟಿನ ದಾರ ಕಟ್ಟುವವರಂತೆ ಬಗ್ಗಿ ಪಿಸುಗುಟ್ಟಿದರು.

"ಕಕ್ಕಸಿಗೆ ಹೋಗಿ ಈ ಚೀಲ ತುಂಬಿ ಚಿನ್ನಿಗೆ ಕೊಡು. ನಿನ್ನ ಸರದಿ ಬಂದಾಗ ಪರೀಕ್ಷೆ ಕೊಡಲ್ಲ ಅಂದುಬಿಡು. ನಿನ್ನ ಹೆಸರು ಹೊಡೆದು ಹಾಕ್ತಾರೆ, ಅಷ್ಟೇ. ನಿನ್ನ ಹೆಸರು ಯಾರಿಗೆ ಗೊತ್ತಿದೆ ಹೇಳು?"

ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ಹೊರಗೆ ನೋಡೇ," ಎಂದರು ಡಾಕ್ಟರಮ್ಮ.

ಕಿಟಕಿಯಾಚೆ ಮೇಷ್ಟ್ರು ಅಮ್ಮನ ರಟ್ಟೆ ಹಿಡಿದು ನಿಂತಿದ್ದರು. ಅಮ್ಮನ ಕೊರಳಲ್ಲಿದ್ದ ಗೇಟಿನ ಪಾಸು ಅವರ ಮುಷ್ಟಿಯಲ್ಲಿತ್ತು. ಅವರು ಒಳಗೆ ಅವಳತ್ತ ನೋಡಿದರು, ಹುಬ್ಬು ಹಾರಿಸಿದರು, ಕಾದರು.

ಅವಳು ಎದ್ದು ಮೇಜಿನ ಬಳಿ ಹೋದಳು. "ಎಲ್ಲಿ ರುಜು ಹಾಕ್ಬೇಕು ಮೇಡಂ?"

ಹೆಂಗಸು ಡಾಕ್ಟರಮ್ಮನ ಕಡೆ ನೋಡಿ, ಮತ್ತೆ ಕಾಗದದ ಕಡೆ ನೋಡಿ, ಬೆರಳಿಟ್ಟು ತೋರಿಸಿದಳು. ಅವಳು ತನ್ನ ಪೂರ್ತಿ ಹೆಸರನ್ನು, ಅಪರೂಪಕ್ಕೆ ಬರೆಯುವವರಂತೆ ಒಂದೊಂದೇ ಅಕ್ಷರ ಒತ್ತಿ ಬರೆದಳು. ಹೊರಗೆ ಅಮ್ಮನ ಪಾಸಿನ ದಾರ ಪಟ್ಟನೆ ಹರಿಯಿತು.

ಕಕ್ಕಸಿನ ಬಾಗಿಲು ತೆರೆದಿರಬೇಕೆಂಬುದು ನಿಯಮ. ಅವಳು ತೆರೆದಿಟ್ಟೇ ಕೂತಳು. ಸೀಸೆ ತುಂಬಿತು.

"ಸಾಕು, ಸಾಕು," ಎಂದಳು ಹೆಂಗಸು. ಅವಳು ಸೀಸೆ ನೀಡಿದಳು, ಮಿಕ್ಕದ್ದನ್ನು ಬಿಟ್ಟಳು. ಬೆಳಗಿನಿಂದ ಹಿಡಿದದ್ದು ಧಾರೆಯಾಗಿ ಸುರಿಯಿತು. ಆ ಪುಟ್ಟ ಕೋಣೆಯಲ್ಲಿ ಬೇರೆ ಸದ್ದೇ ಇರಲಿಲ್ಲ. ಚಿನ್ನಿ ತೊಡೆ ಬಿಗಿದು, ಜಗ್ಗಿನ ಹಿಡಿಯ ಮೇಲೆ ಕೈಯಿಟ್ಟು ಕೇಳಿಸಿಕೊಳ್ಳುತ್ತಿದ್ದಳು.

ಎತ್ತರದ ಗವಾಕ್ಷಿಯ ಹೊರಗಿನಿಂದ ಅಮ್ಮನ ದನಿ ಬಂತು. ಅದು ಅಳುವೋ ನಗೆಯೋ ತಿಳಿಯುವಂತಿರಲಿಲ್ಲ.

"ಹುಯ್ಯೇ ಮಗಳೇ, ಹುಯ್ಯಿ! ಒಂದು ಹನಿ ಉಳಿಸಬೇಡ ಆ ಹಲ್ಕಟ್‌ಗಳಿಗೆ!"

ಏನೋ ದೊಪ್ಪನೆ ಬಿದ್ದ ಸದ್ದಾಯಿತು. ದನಿ ಅಲ್ಲಿಗೇ ನಿಂತಿತು. ಅವಳು ಮುಗಿಸಿ, ಬಟ್ಟೆ ಸರಿಮಾಡಿಕೊಂಡು, ಗವಾಕ್ಷಿಯ ಕಡೆ ಕತ್ತೆತ್ತಿ ನಿಂತಳು.

ಹೆಂಗಸು ಸೀಸೆಗೆ ಮುದ್ರೆ ಒತ್ತಿದಳು. ಇನ್ನೊಂದು ಖಾಲಿ ಸೀಸೆಯನ್ನು ಮೇಜಿನ ಮೇಲಿಟ್ಟಳು.

"ಮುಂದಿನವರು," ಎಂದಳು.